ಮೂರು ಚೌಕ, ಒಂದು ಸಂಖ್ಯೆ

ನಾವಿಕರ ವಸತಿಗೃಹ, ಎರಡನೇ ಮಹಡಿ,
ತಿಂಗಳ ಕೊನೆಯ ಶುಕ್ರವಾರ, ಬೆಳಿಗ್ಗೆ.

ಪ್ರೀತಿಯ ನಿಮಗೆ,

ಮೊಣಕಾಲು ಹೇಗಿದೆ? ಎಂಜಿನ್ ಕೋಣೆಯ ಏಣಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರಿ ಎಂದು ಕೇಳಿದರೆ ನೀವು ಯಾವತ್ತೂ ನೆಟ್ಟಗೆ ಹೇಳಿದವರಲ್ಲ. ಸಕ್ಕರೆಯ ಮಾತ್ರೆಯನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳುತ್ತಿದ್ದೀರೋ, ಇಲ್ಲ ನೆನಪಾದಾಗ ಎರಡು ಹೊತ್ತಿನದನ್ನೂ ಒಟ್ಟಿಗೆ ನುಂಗುತ್ತಿದ್ದೀರೋ? ಹಾಗೆ ಮಾಡಬೇಡಿ. ಅರ್ಧ ಆಯುಷ್ಯ ಲ್ಯಾಬಿನಲ್ಲಿ ಕೂತು ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡಿದವಳಿಗೆ ಸ್ವಂತ ಗಂಡನ ಸಕ್ಕರೆ ಎಷ್ಟೆಂದು ಗೊತ್ತಿಲ್ಲ ಎಂದರೆ ಕೇಳಿದವರು ನಗುತ್ತಾರೆ. ಬಂದರು ಸಿಕ್ಕಿದಾಗ ಒಮ್ಮೆ ತೋರಿಸಿಕೊಳ್ಳಿ. ನಾನು ಚೆನ್ನಾಗಿದ್ದೇನೆ. ಇಲ್ಲಿಯ ನೀರು ಮೊದಲ ವಾರ ಒಗ್ಗಲಿಲ್ಲ, ಈಗ ಒಗ್ಗಿದೆ. ನಿದ್ದೆ ಬರುತ್ತದೆ, ಎಚ್ಚರವೂ ಬೇಗ ಆಗುತ್ತದೆ.

ಈ ಕೋಣೆಯನ್ನು ನೀವು ನೋಡಿಲ್ಲ. ಹೆಂಗಸರ ಮಹಡಿ ಎಂದು ಬೇರೆ ಮಾಡಿದ್ದಾರೆ. ಒಂದು ಕಬ್ಬಿಣದ ಮಂಚ, ಗೋಡೆಗೆ ಮೊಳೆ ಹೊಡೆದು ಕೂರಿಸಿದ ಮೇಜು, ಬಾಗಿಲ ಹಿಂದೆ ಕೋಟು ಸಿಕ್ಕಿಸುವ ಕೊಕ್ಕೆಗಳು. ನನ್ನ ಹತ್ತಿರ ಕೋಟು ಒಂದೇ ಇರುವುದರಿಂದ ಉಳಿದ ಕೊಕ್ಕೆಗಳಲ್ಲಿ ಕೈಚೀಲ, ಕೊಡೆ, ಟವೆಲು ಹೀಗೆ ಏನೇನೋ ನೇತುಹಾಕಿ ಮನೆ ಎನ್ನಿಸುವಂತೆ ಮಾಡಲು ನೋಡಿದ್ದೇನೆ. ಪಕ್ಕದ ಕೋಣೆಗಳಲ್ಲಿ ನನ್ನ ಹಾಗೆಯೇ ಹಡಗಿನವರ ಹೆಂಡಂದಿರು. ಯಾರೂ ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಹಡಗು ಬರುತ್ತದೆ, ತುಟಿಗೆ ಬಣ್ಣ ಹಚ್ಚಿಕೊಂಡು ಮೆಟ್ಟಿಲಿಳಿದು ಹೋಗುತ್ತಾರೆ, ಹಡಗು ಹೋಗುತ್ತದೆ, ಅವರೂ ಹೊರಡುತ್ತಾರೆ. ಹಡಗಿಲ್ಲದೆ ಬಂದು ಕೂತವಳು ನಾನೊಬ್ಬಳೇ. ವಸತಿಯನ್ನು ನೋಡಿಕೊಳ್ಳುವ ಹೆಂಗಸು ದಿನಾ ಬೆಳಿಗ್ಗೆ ಎದುರಾದಾಗ ಹುಬ್ಬು ಮೇಲೆತ್ತುತ್ತಾಳೆ, ಅಂದರೆ ‘ಆಯಿತಾ?’ ಎಂದು. ನಾನು ತಲೆ ಅಡ್ಡ ಆಡಿಸುತ್ತೇನೆ. ನಮ್ಮಿಬ್ಬರಿಗೂ ಗೊತ್ತಿರುವ ಭಾಷೆ ಒಂದೂ ಇಲ್ಲ. ಇಷ್ಟರಲ್ಲೇ ಸಾಕಷ್ಟು ಮಾತಾಡಿದ ಹಾಗಾಗುತ್ತದೆ. ಯೋಚಿಸಿದರೆ ನಮ್ಮಿಬ್ಬರ, ಅಂದರೆ ನಿಮ್ಮ ನನ್ನ, ಸಂಸಾರವೂ ಹೆಚ್ಚುಕಡಿಮೆ ಹೀಗೆಯೇ ನಡೆದಿದೆ.

ನಿಮ್ಮ ಹಡಗು ಕಂಪನಿಯ ಏಜೆಂಟರ ಕಚೇರಿಯವರು ಇವತ್ತು ಸಂಜೆ ಕಾಗದದ ಚೀಲ ಕಟ್ಟುತ್ತಾರಂತೆ, ನಿಮ್ಮ ಮುಂದಿನ ಬಂದರಿಗೆ ಅದು ನಿಮಗಿಂತ ಮೊದಲೇ ತಲುಪುತ್ತದಂತೆ. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಮಂಗಳವಾರ ಅವರ ಮೂಲಕ ನಿಮಗೆ ರೇಡಿಯೊ ಸಂದೇಶ ಕಳಿಸಿದ್ದೆ. ಸಿಕ್ಕಿರಬೇಕು. ಸಂದೇಶ ಚುಟುಕಾಗಿರಬೇಕೆಂದು ಹೇಳಿದ್ದರಿಂದ, ಕೇಳಬೇಕಾದ್ದನ್ನು ಗಣಿತದ ಲೆಕ್ಕದ ಹಾಗೆ ಕೇಳಿಬಿಟ್ಟೆ: ‘ನೀವು ಇದ್ದುಬಿಡಬಹುದು ಎಂದ ಹಸಿರು ಕಿಟಕಿಯ ಮನೆಗೆ ನಂಬರು ಬೇಕು. ನಮ್ಮ ಆಸ್ತಿ ಯಾರದು ಎಂದು ಕೇಳುತ್ತಾರೆ. ಒಂದೋ ಎರಡೋ ಮೂರೋ ತಿಳಿಸಿ.’ ಒಂದು ಯಾವುದು, ಎರಡು ಯಾವುದು, ಮೂರು ಯಾವುದು ಎಂದು ಕೆಳಗೆ ವಿವರಿಸಿದ್ದೆ, ಆದರೆ ಏಜೆಂಟರ ಗುಮಾಸ್ತ ಎಷ್ಟನ್ನು ಕಳಿಸಿದನೋ ಎಷ್ಟನ್ನು ಕತ್ತರಿಸಿದನೋ ಕಾಣೆ. ಉತ್ತರ ಇನ್ನೂ ಬಂದಿಲ್ಲ. ಇವತ್ತು ಮಧ್ಯಾಹ್ನದೊಳಗೆ ಬಾರದಿದ್ದರೆ ಮನೆ ನಮ್ಮ ಕೈತಪ್ಪುತ್ತದೆ. ಯಾಕೆ, ಹೇಗೆ ಎಂದು ಮೊದಲಿನಿಂದ ಹೇಳುತ್ತೇನೆ. ಹೇಳಿದರೆ ನನಗೂ ಒಂದಿಷ್ಟು ಅರ್ಥವಾದೀತು.

ನಾನು ನಿಮ್ಮ ಹಡಗಿನಲ್ಲಿ ಬಂದ ಆ ಒಂದೇ ಒಂದು ಪ್ರಯಾಣ ನೆನಪಿದೆಯಲ್ಲ. ನಾನು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದೆ. ಇಲ್ಲಿ ಸರಕು ಇಳಿಸಲು ನಿಂತಾಗ, ನೆಲ ಅಲುಗಾಡದೆ ನಿಂತಿರುವುದನ್ನು ನೋಡಿಯೇ ನನಗೆ ಕಣ್ಣಲ್ಲಿ ನೀರು ಬಂತು. ನಾವು ಹಡಗು ಕಟ್ಟುವ ಧಕ್ಕೆಯ ಉದ್ದಕ್ಕೂ ನಡೆದೆವು. ನಿಮ್ಮ ಬೂಟಿನ ದಾರ ಬಿಚ್ಚಿತ್ತು. ಬಗ್ಗಿ ಕಟ್ಟಿಕೊಂಡು ಮೇಲೇಳುವಾಗ ಎದುರಿನ ಹಳೆಯ ಕಟ್ಟಡವನ್ನು, ಅದರ ಹಸಿರು ಬಣ್ಣದ ಮರದ ಕಿಟಕಿಗಳನ್ನು ನೋಡಿದಿರಿ. ನೋಡಿ, ‘ಇಲ್ಲಿ ಇದ್ದುಬಿಡಬಹುದು ಕಣೇ’ ಎಂದಿರಿ. ಅಷ್ಟೇ. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ನಿಮ್ಮ ಜೊತೆ ಸಂಸಾರ ಮಾಡಿದವಳಿಗೆ ಗೊತ್ತು ಅದು ಎಷ್ಟು ದೊಡ್ಡ ಮಾತೆಂದು. ಟೀ ಬೇಕಾ ಕಾಫಿ ಬೇಕಾ ಎಂದರೆ ‘ಯಾವುದಾದ್ರೂ ಆಗತ್ತೆ’ ಎನ್ನುವವರು ನೀವು. ರಜಕ್ಕೆ ಬಂದಾಗ ಎಲ್ಲಿಗೆ ಹೋಗೋಣ ಎಂದರೆ ‘ನಿನಗೆ ಸರಿ ಕಂಡಲ್ಲಿಗೆ’. ಅತ್ತೆಯವರಿಗೆ ಆಪರೇಷನ್ ಮಾಡಿಸುವುದೋ ಬೇಡವೋ ಎಂದು ಕೇಳಿ ಬರೆದ ಕಾಗದಕ್ಕೂ ಅದೇ ಉತ್ತರ ಬಂತು. ತಪ್ಪು ಹೊರಿಸುತ್ತಿಲ್ಲ. ದೂರದಲ್ಲಿರುವವರು ಇನ್ನೇನು ಹೇಳಲು ಸಾಧ್ಯ. ಒಮ್ಮೆ ಅತ್ತೆಯವರೇ ಹೇಳಿದ್ದರು, ‘ಇವನು ಹುಟ್ಟಿದಾಗ್ಲೂ ಅಳ್ಲಿಲ್ಲ ಕಣಮ್ಮ, ಸೂಲಗಿತ್ತಿ ಹೊಡೆದು ಅಳಿಸಿದ್ದು’ ಎಂದು. ಅಂಥವರ ಬಾಯಿಂದ ಬೀಳಬಹುದಾದ ಒಂದೇ ಒಂದು ಆಸೆಯ ಮಾತು ನನ್ನ ಕಣ್ಣೆದುರಿಗೇ ಬಿತ್ತು. ನಾನದನ್ನು ಎತ್ತಿಟ್ಟುಕೊಂಡೆ.

ಅತ್ತೆಯವರು ಹೋದ ಮೇಲೆ ಬಾಡಿಗೆ ಮನೆಯವರು ಬಿಡಿ ಎಂದರು. ಸಾಮಾನನ್ನು ಚಿಕ್ಕಪ್ಪನ ಮಗನ ಗೋದಾಮಿನ ಒಂದು ಮೂಲೆಯಲ್ಲಿ ಇಡಿಸಿದೆ. ನಿಮ್ಮ ನೌಕರಿ ಮುಗಿಯಲು ಬಂತು. ಇಳಿದ ಮೇಲೆ ಎಲ್ಲಿಗೆ ಬರುತ್ತೀರಿ, ಗೋದಾಮಿಗೋ? ಆಗ ಏಜೆಂಟರ ಕಚೇರಿಗೆ ಬರೆದು ಕೇಳಿದೆ. ಅದೇ ಕಟ್ಟಡದ ಮೂರನೇ ಮಹಡಿ ಮಾರಾಟಕ್ಕಿದೆ ಎಂದು ತಿಳಿದಾಗ, ನಾನು ಶಕುನ ಗಿಕುನ ನಂಬುವವಳಲ್ಲದಿದ್ದರೂ, ಆ ಕಾಗದವನ್ನು ಎರಡು ಸಲ ಓದಿದೆ. ನಿಮಗೆ ಬರೆದೆ. ‘ನಿನಗೆ ಸರಿ ಕಂಡದ್ದು ಮಾಡು’ ಎಂದು ಬರೆದಿರಿ. ಲ್ಯಾಬಿನ ಕೆಲಸ ಬಿಟ್ಟೆ. ಹೊರಟು ಬಂದೆ.

ಮನೆ ಚೆನ್ನಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಚೆನ್ನಾಗಿಲ್ಲ ಎಂದರೂ ಸುಳ್ಳೇ. ಎರಡು ಕೋಣೆ, ಅವುಗಳ ನಡುವೆ ಬೇಕಾದ್ದಕ್ಕಿಂತ ಉದ್ದವಾದ ಓಣಿ. ಅಡುಗೆಮನೆಯ ಕಿಟಕಿ ತೆರೆದರೆ ಧಕ್ಕೆ, ಕ್ರೇನುಗಳು, ನೀರು. ನನಗೆ ಕಿಟಕಿಯಿಂದ ನೀರನ್ನು ನೋಡಿದರೂ ಹೊಟ್ಟೆ ತೊಳಸುತ್ತದೆ, ಆದ್ದರಿಂದ ಒಲೆಗೆ ಮುಖ ಮಾಡಿ ನಿಂತು ಅಡುಗೆ ಮಾಡಿದರಾಯಿತು ಎಂದುಕೊಂಡೆ. ನಿಮ್ಮ ಕುರ್ಚಿಗೆ ಮುಂದಿನ ಕೋಣೆಯಲ್ಲಿ ಜಾಗ ನೋಡಿದ್ದೇನೆ, ಅಲ್ಲಿಂದ ಹಡಗುಗಳ ಹೊಗೆಗೂಡು ಕಾಣುತ್ತದೆ. ಮಾರುವವರು ಒಬ್ಬ ಮುದುಕರು, ಕೆಳಗಿನ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವರು. ಮಗಳ ಮನೆಗೆ ಹೋಗುತ್ತಿದ್ದಾರೆ. ಪ್ರತಿ ಬಾಗಿಲನ್ನೂ ತೆರೆದು, ಅದು ಎಲ್ಲಿ ಕಿರುಗುಟ್ಟುತ್ತದೆ ಎಂದು ತಾವೇ ತೋರಿಸಿದರು. ನನ್ನ ಮುಖ ನೋಡಿ, ಕನ್ನಡಕ ಬಿಚ್ಚಿಸಿ, ಗಾಜನ್ನು ಬೆಳಕಿಗೆ ಹಿಡಿದು, ಒರೆಸಿ ವಾಪಸು ಕೊಟ್ಟರು. ಒಬ್ಬ ಹಲ್ಲಿನ ಡಾಕ್ಟರು ಕ್ಲಿನಿಕ್ಕಿಗಾಗಿ ಅದೇ ಮನೆಯನ್ನು ಕೇಳುತ್ತಿದ್ದಾನಂತೆ. ‘ಈ ಶುಕ್ರವಾರದ ತನಕ ನಿಮಗಾಗಿ ಕಾಯುತ್ತೇನೆ’ ಎಂದಿದ್ದಾರೆ. ಆಮೇಲೆ ಅವರ ಕೈಯಲ್ಲೂ ಇಲ್ಲ, ಸಾಮಾನು ಸಾಗಿಸಲು ಲಾರಿ ಹೇಳಿಯಾಗಿದೆ.

ಇಷ್ಟೇ ಆಗಿದ್ದರೆ ಸಹಿ ಹಾಕಿ ಮುಗಿಸಬಹುದಿತ್ತು. ಆದರೆ ಇಲ್ಲಿ ಪರದೇಶದವರು ಒಂದು ಗೋಡೆ ಕೊಳ್ಳಬೇಕೆಂದರೂ ಮೊದಲು ತೆರಿಗೆಯ ಸಂಖ್ಯೆ ಬೇಕು. ಇಲ್ಲಿ ಕ್ರಯಪತ್ರ ಮಾಡಿಕೊಡುವ ನೋಟರಿ ನನ್ನನ್ನು ಕೂರಿಸಿ, ನೀರು ಕೊಟ್ಟು, ‘ಸಂಖ್ಯೆ?’ ಎಂದ. ಇಲ್ಲವೆಂದೆ. ಬ್ಯಾಂಕಿಗೆ ಹೋದೆ. ಅಲ್ಲಿಯೂ ‘ಸಂಖ್ಯೆ?’. ತೆರಿಗೆ ಕಚೇರಿಗೆ ಹೋದೆ, ಹರಕುಮುರುಕು ಇಂಗ್ಲಿಷಿನಲ್ಲಿ ಮಾತಾಯಿತು. ಅಲ್ಲಿ ಸಂಖ್ಯೆ ಕೊಡುತ್ತಾರೆ, ಆದರೆ ಈ ದೇಶದಲ್ಲಿ ಒಂದು ವಿಳಾಸ ಬೇಕು. ವಿಳಾಸಕ್ಕಾಗಿಯೇ ಮನೆ ಕೊಳ್ಳುತ್ತಿದ್ದೇನೆ ಎಂದೆ. ಕೊಂಡ ಮೇಲೆ ಬನ್ನಿ ಎಂದರು. ಕೊಳ್ಳಲು ಸಂಖ್ಯೆ ಬೇಕಂತೆ ಎಂದೆ. ಹೌದು ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ, ನಾನೂ ಮಾಡುತ್ತಿರಲಿಲ್ಲ. ವಸತಿಗೃಹದ ವಿಳಾಸ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ ಯಾರೂ ವಾಸ ಮಾಡುವುದಿಲ್ಲ ಎಂದು ಅವರ ದಾಖಲೆ ಹೇಳುತ್ತದೆ. ಆ ಹೊತ್ತಿಗೆ ನನಗೆ ಲ್ಯಾಬಿನ ನೆನಪಾಯಿತು. ನಂಬರು ಅಂಟಿಸದ ರಕ್ತದ ಗಾಜಿನ ನಳಿಗೆ ಕೈಗೆ ಬಂದರೆ ನಾವು ಪರೀಕ್ಷೆ ಮಾಡುವುದಿಲ್ಲ. ಒಳಗಿರುವ ರಕ್ತ ಬೆಚ್ಚಗಿರಬಹುದು, ಕೊಟ್ಟವರು ಹೊರಗೆ ಬೆಂಚಿನ ಮೇಲೇ ಕೂತಿರಬಹುದು, ಆದರೂ ಚೆಲ್ಲಿಬಿಡುತ್ತೇವೆ. ನಿಯಮ ಸರಿಯಾದದ್ದೇ. ಇಷ್ಟು ವರ್ಷ ನಾನೇ ಚೆಲ್ಲಿದ್ದೇನೆ. ನಳಿಗೆಯ ಒಳಗಿನಿಂದ ಅದು ಹೇಗೆ ಕಾಣುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ಇಲ್ಲಿ ವಾಸವಿರುವ ಯಾರಾದರೂ ‘ಇವರ ಪರವಾಗಿ ನಾನು ಹೊಣೆ’ ಎಂದು ಬರೆದುಕೊಟ್ಟರೆ ಅವರ ವಿಳಾಸದಲ್ಲೇ ಸಂಖ್ಯೆ ಸಿಗುತ್ತದೆ ಎಂದು ಕೊನೆಗೆ ತಿಳಿಯಿತು. ನನಗೆ ಇಲ್ಲಿ ಯಾರಿದ್ದಾರೆ? ಆಗ ಏಜೆಂಟರ ಗುಮಾಸ್ತನನ್ನು ವಿಚಾರಿಸಿದಾಗ ಸಿಕ್ಕವರು ನಿಮ್ಮ ಹಳೆಯ ಹಡಗಿನ ಅಡುಗೆಯವರು. ಒಂದು ಸಲ ಇಲ್ಲಿ ಇಳಿದವರು ಹಡಗು ಹೊರಡುವಾಗ ಹತ್ತಲೇ ಇಲ್ಲ ಎಂದು ನೀವು ಹೇಳುತ್ತಿದ್ದಿರಲ್ಲ, ಅವರೇ. ಇಲ್ಲಿಯವಳನ್ನು ಮದುವೆಯಾಗಿ, ಬಂದರಿನ ಹಿಂದಿನ ಬೀದಿಯಲ್ಲಿ ಲಾಂಡ್ರಿ ಇಟ್ಟಿದ್ದಾರೆ. ಬಾಗಿಲು ತೆಗೆದರೆ ಹಬೆ, ಹಬೆಯ ಒಳಗಿನಿಂದ ನಮ್ಮ ಭಾಷೆ! ‘ಅಯ್ಯೋ ಸಾಹೇಬ್ರ ಮನೆಯವ್ರಾ! ಬನ್ನಿ ತಾಯಿ, ಎಷ್ಟು ಸೊರಗಿದೀರಿ, ಮುಂಚೆ ನೋಡಿಲ್ಲ ಬಿಡಿ, ಆದ್ರೂ ಸೊರಗಿದೀರಿ’ ಎಂದರು. ಮನುಷ್ಯನ ದನಿಯಲ್ಲಿ ಕನ್ನಡ ಕೇಳಿ ಎಷ್ಟೋ ದಿನಗಳಾಗಿದ್ದವು, ಹಾಗಾಗಿ ಅವರು ಏನು ಹೇಳಿದರೂ ನಾನು ಹೂಂಗುಟ್ಟುತ್ತಿದ್ದೆ. ‘ತೆರಿಗೆ ಆಫೀಸಾ? ಅದೆಲ್ಲ ನನ್ನ ಎಡಗೈ ಕೆಲ್ಸ. ನಾನಿದೀನಲ್ಲಾ, ನೀವ್ಯಾಕೆ ತಲೆ ಕೆಡಿಸ್ಕೋತೀರಿ’ ಎಂದರು. ಮರುದಿನ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಯಾರದೋ ಕೋಟು ಹಾಕಿಕೊಂಡು ಬಂದರು. ಗಿರಾಕಿಯದಂತೆ, ಸಂಜೆ ವಾಪಸು ಕೊಡಬೇಕಿತ್ತಂತೆ.

ಆ ಕಚೇರಿಯಲ್ಲಿ ಟೋಕನ್ ತೆಗೆದುಕೊಂಡು, ಒಂದಕ್ಕೊಂದು ಬೆಸೆದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಕಾಯಬೇಕು. ಒಬ್ಬರು ಎದ್ದರೆ ಸಾಲಿನವರೆಲ್ಲ ಅಲುಗುತ್ತಾರೆ. ಕೌಂಟರಿನಲ್ಲಿ ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡ ಹೆಂಗಸು, ಯಾವಾಗಲೂ ನೆಗಡಿ, ಬಾಯಲ್ಲಿ ಯಾವಾಗಲೂ ಒಂದು ಮಾತ್ರೆ. ಅವಳು ಅಡುಗೆಯವರನ್ನು ಕೇಳಿದ್ದು ಒಂದೇ ಪ್ರಶ್ನೆ. ‘ಹೊಣೆ ನೀವಾದರೆ ನಿಮ್ಮ ಸಂಖ್ಯೆ ಹೇಳಿ.’ ಅಡುಗೆಯವರು ನಕ್ಕರು. ನನ್ನ ಕಡೆ ತಿರುಗಿ, ‘ನನ್ನ ನಂಬರಾ? ಅದು ಮನೆಯವಳ ಹತ್ರ ಇದೆ’ ಎಂದರು. ನೋಡಿದರೆ ಈ ಮಹಾರಾಯರಿಗೆ ಸಂಖ್ಯೆಯೇ ಇಲ್ಲ. ಲಾಂಡ್ರಿ, ಮನೆ, ನೀರು, ದೀಪ ಎಲ್ಲವೂ ಹೆಂಡತಿಯ ಸಂಖ್ಯೆಯಲ್ಲಿ. ಇಷ್ಟು ವರ್ಷ ಅವರು ಈ ದೇಶದಲ್ಲಿ, ಸರ್ಕಾರದ ಲೆಕ್ಕಕ್ಕೆ ಸಿಗದೆ, ಹಬೆಯ ಹಾಗೆ ಇದ್ದುಬಿಟ್ಟಿದ್ದಾರೆ. ಹೊರಗೆ ಬಂದು ‘ಒಳ್ಳೇದೇ ಆಯ್ತು ಬಿಡಿ ತಾಯಿ, ನಾನು ಸತ್ರೂ ಇವ್ರಿಗೆ ಗೊತ್ತಾಗಲ್ಲ’ ಎಂದರು. ನಗಬೇಕೆನಿಸಿತು, ನಗು ಬರಲಿಲ್ಲ.

ಆದ್ದರಿಂದ ಸೋಮವಾರ ಅವರ ಹೆಂಡತಿಯೇ ಬಂದಳು. ಎತ್ತರದ ಹೆಂಗಸು, ಕೈಗಳು ಸೋಪಿನ ನೀರಿಗೆ ಬೆಂದು ಕೆಂಪಾಗಿವೆ. ಕುರ್ಚಿಯಲ್ಲಿ ಕೂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಕೇಳಿದಳು. ಅಡುಗೆಯವರು ಅನುವಾದಿಸಲು ಹಿಂದೆಮುಂದೆ ನೋಡಿದರು. ಹೇಳಿ ಎಂದೆ. ‘ನಿಮ್ಮ ಯಜಮಾನ್ರು ನಿಜವಾಗ್ಲೂ ಇದಾರಾ ಅಂತ ಕೇಳ್ತಿದಾಳೆ, ಬೇಜಾರು ಮಾಡ್ಕೋಬೇಡಿ, ಇವಳ ಬಾಯೇ ಹಾಗೆ’ ಎಂದರು. ಇದ್ದಾರೆ, ಸಮುದ್ರದಲ್ಲಿದ್ದಾರೆ ಎಂದೆ. ಅವಳು ಭುಜ ಕುಣಿಸಿ ಮತ್ತೊಂದು ಮಾತು ಹೇಳಿದಳು. ಅಡುಗೆಯವರು ಈ ಸಲ ನೆಲ ನೋಡಿಕೊಂಡು ಅನುವಾದಿಸಿದರು: ‘ಎಲ್ಲಾ ನನ್ನ ಹೆಸ್ರಲ್ಲೇ ಬರ್ಸಿದೀನಿ. ಇವ್ನು ಒಂದಿನ ಹಡಗು ಹತ್ತಿ ಹೋದ್ರೆ ಹೋಗ್ಲಿ, ಇಸ್ತ್ರಿ ಪೆಟ್ಟಿಗೆ ಆದ್ರೂ ಉಳಿಯತ್ತಲ್ಲ ಅಂತಾಳೆ.’ ಹೇಳಿ, ‘ಹೋಗಲ್ಲ ಕಣೇ, ಎಲ್ಲಿಗ್ ಹೋಗ್ಲಿ’ ಎಂದು ಕನ್ನಡದಲ್ಲೇ ಅವಳಿಗೂ ಸೇರಿಸಿದರು. ಅವಳಿಗೆ ಅರ್ಥವಾಯಿತೋ ಇಲ್ಲವೋ, ಅವರ ಕೋಟಿನ ಮೇಲಿನ ನೂಲೊಂದನ್ನು ಕಿತ್ತು ಬಿಸಾಡಿದಳು. ನಾನು ಬೇರೆ ಕಡೆ ನೋಡಿದೆ. ಒಬ್ಬರ ಕೋಟಿನ ಮೇಲಿನ ನೂಲನ್ನು ಮತ್ತೊಬ್ಬರು ಕೀಳುವಷ್ಟು ಹತ್ತಿರದಲ್ಲಿ ನಾವಿಬ್ಬರೂ ಎಷ್ಟು ದಿನ ಇದ್ದೆವು ಎಂದು ಲೆಕ್ಕ ಹಾಕಲು ಹೊರಟು, ಬೇಡವೆಂದು ಬಿಟ್ಟೆ.

ಅವಳು ಹೊಣೆಗೆ ಸಹಿ ಹಾಕಿದಳು. ವಿಳಾಸ ಸಿಕ್ಕಿತು. ಎಲ್ಲ ಮುಗಿಯಿತು ಎಂದುಕೊಂಡಾಗ ಕೌಂಟರಿನವಳು ಫಾರಂ ತಿರುಗಿಸಿ, ಮೂರು ಚೌಕಗಳ ಮೇಲೆ ಪೆನ್ನು ಇಟ್ಟಳು. ಮನೆ ಕೊಳ್ಳಲೆಂದೇ ಕೇಳುವ ಸಂಖ್ಯೆಯಾದ್ದರಿಂದ ಇದನ್ನೂ ತುಂಬಬೇಕಂತೆ. ನಿಮ್ಮ ಮದುವೆಯಲ್ಲಿ ಆಸ್ತಿಯ ಪದ್ಧತಿ ಯಾವುದು? ಮೊದಲನೆಯದು: ಇರುವುದೆಲ್ಲ ಇಬ್ಬರದ್ದೂ. ಎರಡನೆಯದು: ಅವರವರದು ಅವರವರಿಗೆ. ಮೂರನೆಯದು: ಮದುವೆಯ ಮುಂಚಿನದು ಬೇರೆ ಬೇರೆ, ಆಮೇಲಿನದು ಇಬ್ಬರದ್ದು. ನಮ್ಮಲ್ಲಿ ಹಾಗೆಲ್ಲ ಕೇಳುವುದಿಲ್ಲ ಎಂದೆ. ಮದುವೆಯಾಗುವಾಗ ಯಾರೂ ಕೇಳಲಿಲ್ಲವೇ ಎಂದಳು, ನಿಜವಾದ ಆಶ್ಚರ್ಯದಿಂದ. ಇಲ್ಲ. ಜಾತಕ ಕೇಳಿದರು, ಎತ್ತರ ಕೇಳಿದರು, ಹಾಡು ಬರುತ್ತದೆಯೇ ಎಂದು ಕೇಳಿದರು. ಯಾವುದು ಯಾರದು ಎಂದು ಮಾತ್ರ ಯಾರಿಗೂ ತೋಚಲಿಲ್ಲ. ಅಡುಗೆಯವರು ‘ಯಾವುದಕ್ಕಾದ್ರೂ ಒಂದಕ್ಕೆ ಗೀಟು ಹಾಕಿ ತಾಯಿ, ಯಾರು ನೋಡ್ತಾರೆ’ ಎಂದರು. ಆದರೆ ಕೌಂಟರಿನವಳು ಮಾತ್ರೆಯನ್ನು ಇನ್ನೊಂದು ದವಡೆಗೆ ಸರಿಸಿ ನಿಧಾನವಾಗಿ ತಿಳಿಸಿದಳು. ಒಂದಕ್ಕೂ ಮೂರಕ್ಕೂ ಗಂಡನ ಒಪ್ಪಿಗೆ ಬರಹದಲ್ಲಿ ಬೇಕು. ಹಡಗಿನ ಕ್ಯಾಪ್ಟನ್ ಮೂಲಕ ಬಂದ ಸಂದೇಶವಾದರೂ ಸದ್ಯಕ್ಕೆ ಸಾಕು. ಎರಡನೆಯದಕ್ಕೆ ನನ್ನ ಸಹಿಯೊಂದೇ ಸಾಕು. ಆದರೆ ಒಮ್ಮೆ ಎರಡು ಎಂದು ಬರೆದರೆ, ಬದಲಾಯಿಸಲು ಮುಂದೆ ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಬಂದು ನ್ಯಾಯಾಧೀಶರ ಎದುರು ನಿಲ್ಲಬೇಕು.

ಅದಕ್ಕೇ ನಿಮಗೆ ಸಂದೇಶ ಕಳಿಸಿದ್ದು. ಎರಡಕ್ಕೆ ಗೀಟು ಹಾಕಿ ಎದ್ದು ಬರಬಹುದಿತ್ತು. ಕೈ ಏಳಲಿಲ್ಲ. ಬಾಗಿಲಿಗೆ ನಾನೇ ಒಳಗಿನಿಂದ ಚಿಲಕ ಹಾಕಿಕೊಂಡಂತೆ ಅನ್ನಿಸಿತು. ನಿಮಗಾಗಿ ನೋಡಿದ ಮನೆ, ನೀವು ದುಡಿದ ದುಡ್ಡಿನ ಮನೆ, ಅದರಲ್ಲಿ ನಿಮ್ಮದೇನೂ ಇಲ್ಲ ಎಂದು ನಾನು ಹೇಗೆ ಬರೆಯಲಿ? ಒಂದು ಎಂದು ಬರೆಯಬೇಕೆಂಬುದು ನನ್ನ ಮನಸ್ಸು. ಇರುವುದೆಲ್ಲ ಇಬ್ಬರದ್ದೂ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ, ಈ ವಯಸ್ಸಿನಲ್ಲಿ. ಆದರೆ ನೀವೂ ಹಾಗೆ ಹೇಳಿದರೆ ಎಷ್ಟು ಚೆನ್ನ ಎಂದುಕೊಂಡೇ ಆ ಸಂದೇಶವನ್ನು ಲೆಕ್ಕದ ಹಾಗೆ ಬರೆದೆ, ನನ್ನ ಬಯಕೆ ನಿಮಗೆ ಕಾಣಬಾರದೆಂದು. ಕಂಡರೆ ನೀವು ನನ್ನ ಸಲುವಾಗಿ ಹೂಂ ಎಂದುಬಿಡುತ್ತೀರಿ. ನನಗೆ ನಿಮ್ಮ ಹೂಂ ಬೇಡ, ನಿಮ್ಮ ಮನಸ್ಸು ಬೇಕು. ಮಂಗಳವಾರದಿಂದ ಬೆಳಿಗ್ಗೆ ಸಂಜೆ ಏಜೆಂಟರ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೇನೆ. ಗುಮಾಸ್ತ ನನ್ನನ್ನು ದೂರದಿಂದ ಕಂಡೊಡನೆ ಎರಡೂ ಅಂಗೈ ಬಿಡಿಸಿ ತೋರಿಸುತ್ತಾನೆ.

ಹೊರಡುವ ಹೊತ್ತಾಯಿತು. ಈ ಕಾಗದವನ್ನು ಅಂಟಿಸದೆ ಕೈಚೀಲದಲ್ಲಿಟ್ಟುಕೊಂಡು ಮೊದಲು ಏಜೆಂಟರಲ್ಲಿಗೆ, ಅಲ್ಲಿಂದ ತೆರಿಗೆ ಕಚೇರಿಗೆ ಹೋಗುತ್ತೇನೆ. ಕನ್ನಡಕದ ಮುದುಕರು ನೋಟರಿಯ ಕಚೇರಿಯಲ್ಲಿ ಕಾಯುತ್ತಾರೆ. ಗಾಳಿ ಜೋರಾಗಿದೆ, ಕೊಡೆ ನಿಲ್ಲುವುದಿಲ್ಲ. ನೀವು ಮೇಲಿನ ಡೆಕ್ಕಿಗೆ ಬಂದಾಗ ಕಿವಿ ಮುಚ್ಚಿಕೊಳ್ಳಿ. ಕಳೆದ ಚಳಿಗಾಲದ ಕಿವಿನೋವು ಮರೆಯಬೇಡಿ. ಹಡಗಿನಲ್ಲಿ ನನ್ನನ್ನು ಬಲ್ಲವರು ಯಾರಾದರೂ ಉಳಿದಿದ್ದರೆ, ವಾಂತಿ ಮಾಡಿಕೊಳ್ಳುತ್ತಿದ್ದ ಹೆಂಗಸು ಕೇಳಿದಳೆಂದು ಹೇಳಿ. ನಿಮ್ಮ ಎಂಜಿನ್ನು ತಣ್ಣಗಿರಲಿ, ನೀವು ಬೆಚ್ಚಗಿರಿ. ಬೇರೇನು ಹಾರೈಸಬೇಕೋ ತಿಳಿಯದು.

ನಿಮ್ಮವಳೇ ಆದ,
ಸೂಜಿ
(ಈ ಅಡ್ಡಹೆಸರು ಇಟ್ಟವರು ನೀವೇ, ಈಗ ಕರೆಯುವವರು ಯಾರೂ ಇಲ್ಲದೆ ತುಕ್ಕು ಹಿಡಿಯುತ್ತಿದೆ.)

ತಾ. ಕ.: ತೆರಿಗೆ ಕಚೇರಿಯ ಕುರ್ಚಿಯಲ್ಲಿ ಕೂತು, ಮೊಣಕಾಲ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಪಕ್ಕದವರು ಅಲುಗಿದರೆಂದು ತಿಳಿಯಿರಿ. ನಿಮ್ಮ ಸಂದೇಶ ಸಿಕ್ಕಿತು. ಗುಮಾಸ್ತ ಮೊದಲ ಸಲ ನಗುತ್ತ ಕೊಟ್ಟ. ‘ಕ್ಷೇಮ. ಹಸಿರು ಕಿಟಕಿ ಯಾವುದು, ನೆನಪಿಲ್ಲ. ನಾನು ಹಾಗೆ ಹೇಳಿದ್ದು ಗೊತ್ತಿಲ್ಲ. ನಿನ್ನ ಆಸೆ ಅಂತ ಒಪ್ಪಿಕೊಂಡೆ. ನನಗೆ ಇಳಿದ ಮೇಲೆ ಸಮುದ್ರ ನೋಡೋದು ಬೇಡ ಅನ್ನಿಸಿದೆ.’ ಒಂದೋ ಎರಡೋ ಮೂರೋ ಎಂಬುದಕ್ಕೆ ಉತ್ತರ ಇರಲಿಲ್ಲ. ಕತ್ತರಿಸಿದ್ದು ಗುಮಾಸ್ತನೋ ನೀವೋ ಕೇಳಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಡೆದುಕೊಂಡೇ ಬಂದೆ. ಆ ಮನೆ ನಿಮ್ಮ ಆಸೆಯೆಂದು ನಾನು, ನನ್ನ ಆಸೆಯೆಂದು ನೀವು. ಕೌಂಟರಿನವಳು ಊಟಕ್ಕೆ ಏಳುವುದರಲ್ಲಿದ್ದಳು, ಪೆನ್ನು ಚಾಚಿದಳು. ವಾಪಸು ಹೋಗೋಣವೆಂದರೆ ಎಲ್ಲಿಗೆ ಎಂದು ಹೊಳೆಯಲಿಲ್ಲ. ನನ್ನೊಬ್ಬಳ ಸಹಿ ಸಾಕಾಗುವ ಚೌಕ ಎರಡನೆಯದೊಂದೇ. ಅದಕ್ಕೆ ಗೀಟು ಹಾಕಿದೆ. ಅಷ್ಟು ಉದ್ದದ ಓಣಿಯ ಮನೆಗೆ ಯಾರಾದರೂ ಒಬ್ಬರು ಆಸೆಪಟ್ಟಿರಲೇಬೇಕಲ್ಲ, ನಾನೇ ಪಟ್ಟೆ ಎಂದಿರಲಿ. ಸಂಖ್ಯೆ ಕೂಡಲೇ ಬಂತು, ಒಂದು ಚೀಟಿಯ ಮೇಲೆ, ಇಷ್ಟೇನಾ ಎನ್ನಿಸಿತು. ಈಗ ನೋಟರಿಯಲ್ಲಿಗೆ ಹೋಗುತ್ತೇನೆ. ಕೋಪವಿಲ್ಲ, ನಿಜವಾಗಿ. ಚೀಟಿಯ ಜೊತೆ ಮನೆಯೊಡೆಯರ ಕರ್ತವ್ಯಗಳೆಂಬ ಹಾಳೆಯೊಂದನ್ನು ಕೊಟ್ಟಳು, ಇಲ್ಲಿ ನನಗಾಗಿ ಕಾದಿದ್ದ ಅಡುಗೆಯವರು ಓದಿ ಹೇಳಿದರು. ಮನೆಗೆ ಪರದೇಶದವರು ಯಾರಾದರೂ ಬಂದು ಉಳಿದರೆ, ಬರುವ ಮೊದಲೇ ಒಡತಿ ಕಚೇರಿಗೆ ತಿಳಿಸಬೇಕಂತೆ. ಬರುವುದಾದರೆ ಎಷ್ಟು ದಿನ ಇರುತ್ತೀರಿ, ಬರೆಯಿರಿ.